ಬಜೆಟ್ ದಿನ ಮಗಳು ಕೇಳಿದ ಪ್ರಶ್ನೆ

ಬಜೆಟ್ ದಿನವೆಂದರೆ ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಹಬ್ಬ. ಕೂದಲು ಬೆಳ್ಳಗಾಗುವವರೆಗೆ ಹಣಕಾಸು ಇಲಾಖೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರು ಅಂದು ಇಸ್ತ್ರಿ ಶರ್ಟು ತೊಟ್ಟು, ಆಫೀಸಿಗೆ ಹೊರಟವರಂತೆ ಟೀವಿ ಮುಂದೆ ಕೂರುತ್ತಾರೆ. ಭಾಷಣದ ಮೊದಲ ಭಾಗದಲ್ಲಿ ಬೇಕಾದರೆ ಮಾತಾಡಬಹುದು. ತೆರಿಗೆಯ ವಿಷಯ ಬರುವ ಎರಡನೇ ಭಾಗದಲ್ಲಿ ಕುಕ್ಕರ್ ಕೂಡ ಕೂಗುವಂತಿಲ್ಲ. ಹಾಗಾಗಿ ಕೇಸರಿಬಾತನ್ನು ನಾನು ಮೊದಲೇ ಮಾಡಿಟ್ಟುಬಿಡುತ್ತೇನೆ.

ಈ ಸಲ ಮನೆಯಲ್ಲಿ ಇನ್ನೊಂದು ರಗಳೆಯೂ ಇತ್ತು. ಹತ್ತನೇ ಕ್ಲಾಸಿನ ಮಗಳಿಗೆ ಮುಂದೆ ಅರ್ಥಶಾಸ್ತ್ರ ಓದುವ ಆಸೆ. ಅವಳ ತಾತ, ಅಂದರೆ ಮಾವನವರು, ಸೈನ್ಸೇ ಆಗಬೇಕು ಅಂತ ಪಟ್ಟು ಹಿಡಿದಿದ್ದರು. ನಮ್ಮಲ್ಲಿ ಅವರ ಮಾತೇ ಕೊನೆ. ಅವಳು ಮುಖ ಊದಿಸಿಕೊಂಡಿದ್ದಳು, ನನಗೂ ಒಳಗೊಳಗೇ ಸಿಟ್ಟು.

ಎರಡನೇ ಭಾಗ ಬಂತು. ಸಂಬಳದವರ ತೆರಿಗೆ ಇಳಿಯಿತು! ನಾನೂ ಸರ್ಕಾರಿ ನೌಕರಳೇ, ಕೂತಲ್ಲೇ ಕುಣಿದುಬಿಟ್ಟೆ. ಹಿರಿಯ ನಾಗರಿಕರಿಗೂ ರಿಯಾಯಿತಿ ಸಿಕ್ಕಿತು, ಮಾವನವರು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು.

“ಏಕ್ ಮಿನಿಟ್,” ಅಂದಳು ಮಗಳು. “ತಾತನಿಗೂ ಕೊಟ್ರು, ಅಮ್ಮನಿಗೂ ಕೊಟ್ರು. ತೋ ಪೈಸಾ ದೇಗಾ ಕೌನ್? ದುಡ್ಡು ಕೊಡೋರು ಯಾರು?”

ಎರಡನೇ ಭಾಗದಲ್ಲಿ ಬಾಯಿ ಬಿಟ್ಟಿದ್ದಾಳೆ, ಗ್ರಹಚಾರ ಕಾದಿದೆ ಅಂದುಕೊಂಡೆ.

“ಸರ್ಕಾರ ಸಾಲ ತಗೊಳ್ಳತ್ತೆ, ಪುಟ್ಟಿ,” ಅಂದರು ಮಾವನವರು ಟೀವಿಯಿಂದ ಕಣ್ಣು ಕೀಳದೆ.

“ಅಚ್ಛಾ. ಎಷ್ಟು ವರ್ಷಕ್ಕೆ?”

“ಕೆಲವು ನಲವತ್ತು ವರ್ಷಕ್ಕೂ ಇರತ್ತೆ.”

“ಆಗ ನನಗೆ ಐವತ್ತೈದು. ಅಲ್ಲೀವರೆಗೂ ನಾನು ಟ್ಯಾಕ್ಸ್ ಕಟ್ತಾ ಇರ್ಬೇಕು. ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ?”

ಮಾವನವರು ರಿಮೋಟ್ ಎತ್ತಿಕೊಂಡು ಟೀವಿ ಆರಿಸಿದರು. ಭಾಷಣದ ನಡುವೆ! ನಾನು ಈ ಮನೆಗೆ ಬಂದಮೇಲೆ ಅಂಥದ್ದು ನಡೆದೇ ಇರಲಿಲ್ಲ. ಬೈಯುತ್ತಾರೆ ಅಂತ ನೋಡಿದರೆ ಅವರ ಮುಖ ಅರಳಿತ್ತು.

“ಮುಂದಿನ ಪೀಳಿಗೆ, ಮುಂದಿನ ಪೀಳಿಗೆ ಅಂತ ಎಷ್ಟು ಫೈಲಿನಲ್ಲಿ ಬರೆದಿದ್ದೀನೋ,” ಅಂದರು. “ಆ ಪೀಳಿಗೆ ಎದುರಿಗೇ ಕೂತು ಲೆಕ್ಕ ಕೇಳಿದ್ದು ಇವತ್ತೇ ಕಣೆ.”

ನನಗೆ ಎದೆ ತುಂಬಿ ಬಂತು. ಅವಳಿಗೆ ಅದೆಲ್ಲ ಬೇಕಿರಲಿಲ್ಲ.

“ಹಾಗಾದ್ರೆ ನನ್ನ ಸಬ್ಜೆಕ್ಟು?”

“ಅರ್ಥಶಾಸ್ತ್ರಾನೇ ತಗೋ,” ಅಂದರು ಅವರು, ಕೇಸರಿಬಾತಿನ ತಟ್ಟೆಯನ್ನು ಅವಳತ್ತ ಸರಿಸುತ್ತ. “ಬಿಲ್ಲು ಹೇಗಿದ್ರೂ ನಿನಗೇ ಬರೋದು. ಯಾವುದಕ್ಕೆ ಕಟ್ತಿದ್ದೀನಿ ಅಂತ ಗೊತ್ತಿದ್ದಾದ್ರೂ ಕಟ್ಟು.”