ಲಾಳಿ ಬಡಿದ ಗುರುತು

ಬನಹಟ್ಟಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಮಾಳು ಏಳು ವರ್ಷಗಳಿಂದ ಸಂಬಳಕ್ಕಿದ್ದಾನೆ. ಹೆಣ್ಣು ನೋಡಲು ಹೋದಲ್ಲಿ ‘ಫೋಟೊಗ್ರಾಫರ್’ ಎಂದು ಹೇಳಿಕೊಳ್ಳುತ್ತಾನೆ; ಮಾಡುವುದು ಇಸ್ತ್ರಿ ಕೆಲಸ ಎಂಬುದು ಅವನಿಗೇ ಗೊತ್ತು. ಬಂದ ಮುಖವನ್ನು ಕಂಪ್ಯೂಟರಿನಲ್ಲಿ ಹಾಸಿ ಸುಕ್ಕು ಬಿಡಿಸುವುದು, ಕಲೆ ತೆಗೆಯುವುದು, ಬಣ್ಣ ತುಸು ತಿಳಿ ಮಾಡುವುದು. ಜಮಖಂಡಿಯ ಮದುಮಗಳಿಗೂ ಅದೇ, ಗಲಗಲಿಯ ಮುದುಕನಿಗೂ ಅದೇ. ಸಂಜೆಯ ಹೊತ್ತಿಗೆ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಾರೆ. ಮಾಳುವಿನ ಕಣ್ಣುಗಳು ಉರಿಯುತ್ತವೆ. ಅವನದೇ ಸುಕ್ಕು ಬಿಡಿಸುವವರು ಯಾರೂ ಇಲ್ಲ.

ಹಾಗೇ ದಣಿದಿದ್ದ ಒಂದು ಮಧ್ಯಾಹ್ನ ಹೊಳೆವ್ವ ಬಂದು ಕುರ್ಚಿಯ ತುದಿಗೆ ಕುಳಿತಳು. ಸೆಕೆಗೆ ಸೆರಗು ತಲೆಯಿಂದ ಹೆಗಲಿಗೆ ಜಾರಿತ್ತು; ತಲೆ ಮುಚ್ಚಿಕೊಳ್ಳಲು ಗಂಡನೋ ಹಿರಿಯರೋ ಎದುರಿಗಿರಲಿಲ್ಲ. ಅವಳ ಗಂಡ, ಮಗ್ಗದ ಕೂಲಿಯ ಶಿದ್ರಾಮಪ್ಪ, ತೀರಿಕೊಂಡು ಮರುದಿನಕ್ಕೆ ವರ್ಷ ತುಂಬುತ್ತಿತ್ತು. ಪೂಜೆಗಿಡಲು ದೊಡ್ಡ ಫೋಟೊ ಬೇಕಿತ್ತು. ಆಧಾರ್ ಕಾರ್ಡಿನಲ್ಲಿದ್ದುದು ಮುಖವೋ ಮಸಿಯೋ ತಿಳಿಯುತ್ತಿರಲಿಲ್ಲ. ಅದು ಬಿಟ್ಟರೆ, ಪಿಂಚಣಿ ಅರ್ಜಿಗೆಂದು ಮೂರು ವರ್ಷದ ಹಿಂದೆ ಮಾಳುವೇ ತೆಗೆದು ಕಂಪ್ಯೂಟರಿನಲ್ಲಿಟ್ಟಿದ್ದ ಒಂದು ಚಿತ್ರ. ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಹೆಮ್ಮೆಯಿಂದಲೇ ಅವಳ ಮುಂದಿಟ್ಟ.

ಹೊಳೆವ್ವ ಬಹಳ ಹೊತ್ತು ನೋಡಿದಳು.

“ಛಲೋ ಅದಾರ. ಯಾರಪಾ ಇವರು?”

“ನಿಮ್ಮ ಮನಿಯವರೇ ಬೇ ಅವ್ವಾ!”

“ಹುಬ್ಬಿನ ಮ್ಯಾಲ ಲಾಳಿ ಬಡದ ಗುರುತಿತ್ತಲ್ಲೋ ತಮ್ಮಾ, ಎಲ್ಲಿ ಹೋತು?”

“ಕಲೆ ಅಂತ ತಗದೇನ್ರಿ.”

“ತಗಿ ಅಂದಾವರ್ಯಾರು? ಲಗ್ನಾದ ವರ್ಷಾನ ಮಗ್ಗದಿಂದ ಲಾಳಿ ಹಾರಿ ಬಡದಿತ್ತು. ಅರಿಷಿಣ ಒತ್ತಿದಾಕಿ ನಾನ. ನಲವತ್ತ ವರ್ಷ ಅದನ್ನ ನೋಡಕೋತ ಬಂದೇನಿ. ಇದಕ್ಕ ಮಾಲಿ ಹಾಕಿದ್ರ ಯಾರೋ ಮಂದಿ ಗಂಡಸಿಗೆ ಹಾಕಿದಂಗ ಆಕ್ಕೈತಿ.”

ಮಾಳು ಕಂಪ್ಯೂಟರ್ ಜಾಲಾಡಿದ. ಮೂಲ ಚಿತ್ರ ಇರಲಿಲ್ಲ. ತಿದ್ದಿದ ಮೇಲೆ ಮೂಲವನ್ನು ಅಳಿಸಿಬಿಡುವುದು ಅವನ ರೂಢಿ. ಜಾಗ ಉಳಿಯುತ್ತದೆಂದು ಮಾಲೀಕರು ಬೆನ್ನು ತಟ್ಟಿದ್ದೂ ಇತ್ತು. ಈ ಕೈಯಿಂದ ಇನ್ನೆಷ್ಟು ಜನರನ್ನು ಹೀಗೆ ಸ್ವಚ್ಛ ಮಾಡಿದ್ದೇನೋ ಎಂದುಕೊಳ್ಳುತ್ತ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

“ಎಲ್ಲಿತ್ತು, ತೋರಸ್ರಿ,” ಎಂದ.

ಅವಳು ಪರದೆ ಮುಟ್ಟಲಿಲ್ಲ. ನೂಲು ಸುತ್ತಿ ಬಿರುಸಾದ ಬೆರಳನ್ನು ಅವನ ಬಲಹುಬ್ಬಿನ ಮೇಲೆಯೇ ಇಟ್ಟು ಎಳೆದಳು. “ಇಲ್ಲಿಂದ ಇಲ್ಲೀತನಕ. ನಡುವ ಸ್ವಲ್ಪ ತಗ್ಗು.”

ತೆಗೆಯಲು ಅರೆನಿಮಿಷ ಹಿಡಿದದ್ದನ್ನು ಇಡಲು ಎರಡು ತಾಸು ಹಿಡಿಯಿತು. ಮುಧೋಳದಿಂದ ಮದುವೆ ಆಲ್ಬಮ್ಮಿಗೆ ಬಂದವರು ಕಾದು, ಬೈದು ಹೋದರು. ಕಲೆ ತೆಗೆಯುವುದರಲ್ಲಿ ಪಳಗಿದ ಕೈಗೆ ಒಂದು ಕಲೆ ಮಾಡಲು ಬರುತ್ತಿರಲಿಲ್ಲ.

“ಇದು ಹುಳ ಕಡದಂಗ ಆತು.”

ಅಳಿಸಿ ಮತ್ತೆ ಬರೆದ.

“ಈಗ ಬೆಕ್ಕು ಪರಚಿದಂಗ. ನನ್ನ ಗಂಡ ಬೆಕ್ಕಿನ ಜೋಡಿ ಎಂದೂ ಜಗಳಾಡಿಲ್ಲೋ.”

ಮಾಳು ನಕ್ಕ, ಬೆನ್ನು ನೋಯುತ್ತಿತ್ತು. ತನ್ನ ಹುಬ್ಬಿನ ಮೇಲೆ ಇನ್ನೂ ಉಳಿದಂತಿದ್ದ ಆ ಬೆರಳಿನ ಒರಟನ್ನೇ ನೆನೆದು ಮೂರನೆಯ ಸಲ ಎಳೆದ. ಎಳೆದು, ಬೈಗುಳಕ್ಕೆ ಕಾದ.

ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಹೊಳೆವ್ವ ಎದ್ದು ನಿಂತಿದ್ದಳು. ಕಣ್ಣು ಪರದೆಯ ಮೇಲಿತ್ತು. ಕೈ ಮಾತ್ರ ತನ್ನಷ್ಟಕ್ಕೇ ಹೋಗಿ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿತ್ತು.

ಮಾಳು ಏನೂ ಕೇಳದೆ ಪ್ರಿಂಟಿಗೆ ಕೊಟ್ಟ.