ಹದಿನಾಲ್ಕನೇ ರೂಮಿನಲ್ಲಿ ನಾನಿರಲೇ ಇಲ್ಲವಂತೆ

...ಅದೇ, ನಿನ್ನೆ ಅರ್ಧಕ್ಕೆ ಬಿಟ್ಟೆನಲ್ಲ, ನೋಟಿಸ್ ಬೋರ್ಡಿನ ಮುಂದೆ ಕನ್ನಡಕ ಒರೆಸಿಕೊಂಡು ನಿಂತದ್ದು, ಅಲ್ಲಿಂದಲೇ ಹೇಳುತ್ತೇನೆ.

ಮುಂಬೈ ಪರೇಲಿನ ನಮ್ಮ ಚಾಳನ್ನು, ಅಂದರೆ ಹಳೇ ವಠಾರವನ್ನು, ಕೆಡವಿ ಹೊಸ ಬಿಲ್ಡಿಂಗ್ ಕಟ್ಟುತ್ತಾರೆ. ಬಾಡಿಗೆಗಿರುವ ಒಂದೊಂದು ಕುಟುಂಬಕ್ಕೂ ಒಂದೊಂದು ಸ್ವಂತ ಫ್ಲ್ಯಾಟ್. ಯಾರ್ಯಾರಿಗೆ ಸಿಗುತ್ತದೆ ಎಂಬ ಪಟ್ಟಿ ಅಂದು ಬಂದಿತ್ತು, ಇಂಗ್ಲಿಷಿನಲ್ಲಿ.

ಇಂಗ್ಲಿಷ್ ಕಾಗದ ಬಂದರೆ ಓದುವವನು ನಾನೇ. ಕಾಲೇಜಿನಲ್ಲಿ ಎರಡು ವರ್ಷ ಕೂತವನು, ಅರ್ಧ ಮರೆತಿದೆ. ಈಗಿನ ಹುಡುಗರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ಮರ್ಯಾದೆಗೆ ನನಗೇ ಬಿಡುತ್ತಾರೆ. ‘ಹಿಯರ್‌ಬೈ’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅಂತ ನಾನು ಗಟ್ಟಿಯಾಗಿ ಓದಿದರೆ ಎಲ್ಲರಿಗೂ ಒಂದು ಖುಷಿ.

ಹನ್ನೆರಡು, ಎಲಿಜಿಬಲ್. ಚಪ್ಪಾಳೆ. ಹದಿಮೂರು, ಎಲಿಜಿಬಲ್. ಅದು ದರ್ಜಿ ಮೆಹಬೂಬನದು, ಅವನು ಕೂಗಿಯೇ ಬಿಟ್ಟ.

ಹದಿನಾಲ್ಕು... ಟೆನೆಂಟ್ ಎಕ್ಸ್‌ಪೈರ್ಡ್. ಆಕ್ಯುಪೆಂಟ್ ನಾಟ್ ಎಲಿಜಿಬಲ್.

ಅದೇ ಜೋರಿನಲ್ಲಿ ಓದಿ ಮುಗಿಸಿದೆ. ಹದಿನೈದಕ್ಕೆ ಬೆರಳಿಟ್ಟ ಮೇಲೆಯೇ ತಲೆಗೆ ಹೋದದ್ದು. ಹದಿನಾಲ್ಕು ನನ್ನದು. ಬಾಡಿಗೆದಾರರು ತೀರಿಹೋಗಿದ್ದಾರೆ, ಈಗ ಇರುವವನಿಗೆ ಫ್ಲ್ಯಾಟ್ ಇಲ್ಲ.

ಮೆಹಬೂಬ್ ತೋಳು ಹಿಡಿದುಕೊಂಡ. ವಿಜಯಪುರದ ಕಡೆಯವನು. "ಇನ್ನೊಮ್ಮೆ ಓದ್ರಿ ಕಾಕಾ, ಎಲ್ಲೋ ತಪ್ಪ ಓದೀರಿ ನೀವು," ಅಂದ.

ತಪ್ಪು ಓದಿದ್ದರೆ ಎಷ್ಟು ಚೆನ್ನಾಗಿತ್ತು!

ರೂಮು ನನ್ನ ಹೆಂಡತಿ ಸುಮತಿಯದು. ಅವಳ ಅಮ್ಮ ಮಿಲ್ಲಿನಲ್ಲಿದ್ದಾಗ ಹಿಡಿದದ್ದು, ಆಮೇಲೆ ಇವಳ ಹೆಸರಿಗೆ ಬಂತು. ನಾನು ದಾದರಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತೈದು ವರ್ಷವಾದರೂ ನನ್ನ ರೇಷನ್ ಕಾರ್ಡು, ವೋಟು, ಆಧಾರ್ ಎಲ್ಲಕ್ಕೂ ಹೋಟೆಲಿನ ಅಡ್ರೆಸ್ಸೇ. ಇಡೀ ದಿನ ಗಲ್ಲಾದಲ್ಲಿ ಕೂತಿರುವವನಿಗೆ ಕಾಗದ ಅಲ್ಲಿಗೇ ಬಂದರೆ ಸುಲಭ, ಅಷ್ಟೇ ಯೋಚನೆ.

ಅವಳು ಹೋಗಿ ಆರು ವರ್ಷ. ಮಕ್ಕಳಿಲ್ಲ. ಬಾಡಿಗೆ ರಸೀದಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಎಲ್ಲರೂ ಹೇಳಿದ್ದರು. ನಾನು ಮಾಡಿಸಲಿಲ್ಲ. ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ಅವಳ ಹೆಸರು ಬರೆಯುತ್ತಾರಲ್ಲ... ಬಿಡಿ.

ಭಾನುವಾರ ಪ್ರಾಜಕ್ತಾ ಬಂದಳು. ಚಿಕ್ಕ ವಯಸ್ಸಿನ ವಕೀಲೆ. ಅವಳೂ ಅವಳ ನಾಲ್ಕು ಜನ ಫ್ರೆಂಡ್ಸೂ ರಜೆಯ ದಿನ ನಮ್ಮಂಥ ಚಾಳುಗಳಿಗೆ ಬಂದು ಕಾಗದಪತ್ರ ಸರಿಮಾಡಿಕೊಡುತ್ತಾರೆ, ಒಂದು ಪೈಸೆ ಮುಟ್ಟುವುದಿಲ್ಲ. ಫಾರ್ಮ್ ತುಂಬಿಸಲು ನಾನೂ ಅವರ ಪಕ್ಕದಲ್ಲಿ ಕೂರುತ್ತಿದ್ದೆ. ‘ಪ್ರೂಫ್ ಎಲ್ಲಿ, ಪ್ರೂಫ್?’ ಎಂದು ಚಾಳಿನವರಿಗೆಲ್ಲ ಗದರಿಸಿದವನು ನಾನು!

"ಅಂಕಲ್, ಬಸ್ ಏಕ್ ಕಾಗಜ್. ಸರ್ಕಾರೀ ಸಿಕ್ಕೇವಾಲಾ," ಅಂದಳು. ಸುಮತಿ ಬದುಕಿದ್ದಾಗಲೇ ನಾನು ಇದೇ ರೂಮಿನಲ್ಲಿ ಅವಳ ಜೊತೆ ಇದ್ದೆ ಎಂದು ತೋರಿಸುವ, ಸರ್ಕಾರಿ ಮೊಹರು ಬಿದ್ದ ಒಂದೇ ಒಂದು ಕಾಗದ. ಏಳು ದಿನದ ಗಡುವು.

ಇಡೀ ಚಾಳು ಪೆಟ್ಟಿಗೆ ತೆರೆಯಿತು. ಮದುವೆ ಕರೆಯೋಲೆಗಳು, ಗಣಪತಿಯ ಚಂದಾ ಚೀಟಿಗಳು, ಗ್ಯಾಲರಿಯಲ್ಲಿ ಸುಮತಿಯೂ ನಾನೂ ಯಾರದೋ ಮಗುವನ್ನು ಎತ್ತಿಕೊಂಡ ಫೋಟೋ. ಸಾಕ್ಷಿ ಹೇಳಲು ಮನೆಮನೆಯವರೂ ತಯಾರು. ಪ್ರಾಜಕ್ತಾ ಎಲ್ಲವನ್ನೂ ಫೈಲ್ ಮಾಡಿದಳು. ಆದರೆ ಸಿಕ್ಕಾ ಬಿದ್ದ ಕಾಗದ ಒಂದೂ ಇಲ್ಲ. ಆಸ್ಪತ್ರೆಯವರು ಕೂಡ ನನ್ನ ಗುರುತಿನ ಚೀಟಿ ನೋಡಿ ದಾದರ್ ಅಂತಲೇ ಬರೆದಿದ್ದರು.

ಐದನೇ ದಿನ ಬಟ್ಟೆ ಮಡಚಿಡಲು ಶುರುಮಾಡಿದೆ. ಎಲ್ಲಿಗೆ ಹೋಗುವುದು ಅಂತ ಮಾತ್ರ ಗೊತ್ತಿರಲಿಲ್ಲ.

ಆರನೇ ದಿನ ಬೆಳಿಗ್ಗೆ ನೋಡಿದರೆ, ಬಾಗಿಲಲ್ಲಿ ಸಾವಂತ!

ನಮ್ಮ ಕೆಳಗಿನ ರೂಮಿನವನು. ಹತ್ತು ವರ್ಷದಿಂದ ಮಾತಿಲ್ಲ. ನಾವು ಒಣಹಾಕಿದ ಬಟ್ಟೆಯ ನೀರು ಅವನ ಬಾಗಿಲಿಗೆ ತೊಟ್ಟಿಕ್ಕುತ್ತದೆ ಎಂದು ಜಗಳ. ಒಮ್ಮೆ ಅವನ ಹೆಂಡತಿ ಹರವಿದ್ದ ಹಪ್ಪಳವೆಲ್ಲ ನೆನೆದು... ಅದು ದೊಡ್ಡ ಕತೆ.

ಒಳಗೆ ಬರಲಿಲ್ಲ. ಒಂದು ಪ್ಲಾಸ್ಟಿಕ್ ಕವರ್ ಚಾಚಿದ. "ಹೇ ಘ್ಯಾ ಅಣ್ಣಾ, ತುಮಚೀ ಕುಂಡಲೀ!" ತಗೊಳ್ಳಿ, ನಿಮ್ಮ ಜಾತಕ, ಅಂತ.

ಬಿಚ್ಚಿದರೆ ಪೊಲೀಸ್ ಠಾಣೆಯ ಕಾಗದ. ಹತ್ತು ವರ್ಷದ ಹಿಂದೆ ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದ್ದಾನೆ! ಠಾಣೆಯವರು ಬರೆದುಕೊಂಡು ಸುಮ್ಮನಾದರೋ ಏನೋ, ನಮಗೆ ಗೊತ್ತೇ ಇಲ್ಲ. ‘ರೂಮ್ ನಂಬರ್ ಹದಿನಾಲ್ಕರಲ್ಲಿ ವಾಸವಾಗಿರುವ ವಾಸುದೇವ ಮತ್ತು ಅವನ ಹೆಂಡತಿ ಸುಮತಿ ದಿನಾಲೂ ಬೇಕೆಂದೇ ನೀರು ಸುರಿಸುತ್ತಾರೆ...’ ಮರಾಠಿಯಲ್ಲಿ, ಚೆನ್ನಾಗಿಯೇ ಬರೆಸಿದ್ದ. ಕೆಳಗೆ ತಾರೀಕು, ಸಹಿ, ದುಂಡಗಿನ ಸಿಕ್ಕಾ.

ಅವನ ಕಾಲರ್ ಹಿಡಿಯಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ, ನೋಡಿ.

ಮಾರನೇ ದಿನ ಪ್ರಾಜಕ್ತಾಳ ಜೊತೆ ಪಟ್ಟಿ ಮಾಡಿದ ಆಫೀಸಿಗೆ ಹೋದರೆ, ಕರೆಯದಿದ್ದರೂ ಸಾವಂತ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರ್. ಅಧಿಕಾರಿ ಕಾಗದವನ್ನು ಎರಡು ಸಲ ಓದಿದರು. ನನ್ನನ್ನು ಏನೂ ಕೇಳಲಿಲ್ಲ. ಅವನನ್ನು ಕೇಳಿದರು, ಈ ತಕರಾರು ಈಗಲೂ ಇದೆಯಾ ಅಂತ.

"ಆಹೇ ಸಾಹೇಬ್! ಆಜ್ ಸಕಾಳೀ ಪಣ್ ಪಾಣೀ ಪಡಲಂ!"

ಇದೆ ಸಾಹೇಬ್, ಇವತ್ತು ಬೆಳಿಗ್ಗೆಯೂ ನೀರು ಬಿತ್ತು!

ಅಧಿಕಾರಿ ನಗು ತಡೆದುಕೊಂಡು ಪೆನ್ನು ತೆಗೆದರು. ಪಟ್ಟಿಯಲ್ಲಿ ಹದಿನಾಲ್ಕರ ಮುಂದಿದ್ದ ‘ನಾಟ್’ ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಪ್ರಾಜಕ್ತಾ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

ಮೆಟ್ಟಿಲಿಳಿಯುವಾಗ ಥ್ಯಾಂಕ್ಸ್ ಹೇಳೋಣವೆಂದು ಬಾಯಿ ತೆರೆದೆ. ಸಾವಂತ ತಿರುಗಿಯೂ ನೋಡಲಿಲ್ಲ. ಹೊಸ ಬಿಲ್ಡಿಂಗಿನಲ್ಲಿ ಮೇಲಿನ ಫ್ಲೋರ್ ನಾನೇ ತಗೊಳ್ಳೋದು, ಅಂದುಕೊಂಡೇ ಇಳಿದುಹೋದ.

ಈಗ ಆ ಕಾಗದದ ಝೆರಾಕ್ಸ್ ತೊಡೆಯ ಮೇಲಿದೆ. ಉಳಿದ ಎಲ್ಲ ಕಾಗದದಲ್ಲೂ ಅವಳು ಪರೇಲಿನಲ್ಲಿ, ನಾನು ದಾದರಿನಲ್ಲಿ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು ಎಂದು ಸಿಕ್ಕಾ ಹಾಕಿ ಹೇಳಿದ್ದು ಇದೊಂದೇ... ಅದೂ ಆರೋಪಿಗಳಾಗಿ.

ನಿಮ್ಮ ಮೇಲೂ ಯಾರಾದರೂ ಹೀಗೆ ಬರೆದು ಇಟ್ಟುಕೊಂಡಿದ್ದಾರಾ, ವಿಚಾರಿಸಿದ್ದೀರಾ?

ಬೆಳಕು ಹೋಗುತ್ತಿದೆ. ಮೊಬೈಲಿನ ಅಕ್ಷರ ಕಾಣುತ್ತದೆ, ಕಾಗದದಲ್ಲಿ ಅವಳ ಹೆಸರು ಕಾಣುತ್ತಿಲ್ಲ. ಇವತ್ತಿಗೆ ಸಾಕು.