ಟೈಫಾಯ್ಡಿಗೆ ಹೆಪ್ಪು

ಕಳೆದ ವಾರ ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮೂರನೇ ಮಹಡಿಯ ಜೋಶಿ ಆಂಟಿ ಕೇಳಿದರು: "ಮ್ಯಾಡಮ್, ಆಪ್ ಕೇ ಕಾಲೇಜ್ ಕಾ ದಹಿ ದುಕಾನ್ ಮೇ ಮಿಲ್ತಾ ಹೈ ಕ್ಯಾ?"

ನಾನು ಕಲಿಸುವುದು ಬಯೋಟೆಕ್ನಾಲಜಿ. ಸಂಶೋಧನೆ ಔಷಧಿಗೆ ಬಗ್ಗದ ಟೈಫಾಯ್ಡ್ ಬ್ಯಾಕ್ಟೀರಿಯಾದ ಮೇಲೆ. ಇದರಲ್ಲಿ ಅಂಗಡಿಯಲ್ಲಿ ಸಿಗುವ 'ಕಾಲೇಜಿನ ಮೊಸರು' ಎಲ್ಲಿಂದ ಬಂತು?

ಅಮ್ಮನಿಂದ. ಲ್ಯಾಬಿನಲ್ಲಿ 'ಕಲ್ಚರ್' ಬೆಳೆಸುವುದು ಎಂದರೇನು ಎಂದು ಅವಳು ಎಂದೋ ಕೇಳಿದ್ದಳು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಎಂದಿದ್ದೆ. ಅಷ್ಟೇ ಸಾಕಾಯಿತು. ಇಡೀ ಸೊಸೈಟಿಯ ಪ್ರಕಾರ ನಾನು ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಮೊಸರು ಮಾಡುತ್ತಿದ್ದೇನೆ. (ನನ್ನ ಮೊಸರು ತಿಂದವರು ನೇರ ಆಸ್ಪತ್ರೆಗೇ.)

ನಗಬೇಡಿ. ಹೋದ ತಿಂಗಳು ನನ್ನ ಮಾನ ಉಳಿಸಿದ್ದು ಇದೇ ಹೆಪ್ಪು.

ಮೂರು ದಿನದ ರಜೆಯಲ್ಲಿ ಲ್ಯಾಬಿನ ಫ್ರೀಜರ್ ಕೈಕೊಟ್ಟಿತ್ತು. ಬಾಗಿಲು ತೆಗೆದರೆ ಒಳಗೆಲ್ಲ ನೀರು. ಎಂಟು ವರ್ಷ ಮಗುವಿನಂತೆ ಸಾಕಿದ ಬ್ಯಾಕ್ಟೀರಿಯಾ ತಳಿ ಸತ್ತಿತ್ತು. ನನ್ನ ಸಂಶೋಧನಾ ಪೇಪರಿಗೆ ಒಂದೇ ಒಂದು ಟೆಸ್ಟ್ ಬಾಕಿ ಇತ್ತು. ತಳಿ ಇಲ್ಲದೆ ಟೆಸ್ಟ್ ಇಲ್ಲ, ಟೆಸ್ಟ್ ಇಲ್ಲದೆ ಪೇಪರ್ ಇಲ್ಲ, ಪೇಪರ್ ಇಲ್ಲದೆ ಪ್ರೊಫೆಸರ್ ಹುದ್ದೆ ಇಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಅಮ್ಮ ದೋಸೆ ಮಗುಚುತ್ತಾ ಹೇಳಿದಳು: "ಅದಕ್ಕೆಂತ ಅಷ್ಟು ತಲೆಬಿಸಿ ಮಾರಾಯ್ತಿ? ನೀನು ಯಾರಿಗಾದ್ರೂ ಕೊಟ್ಟಿರ್ತಿ ಅಲ್ವಾ? ಅವರ ಮನೆಯಿಂದ ಸ್ವಲ್ಪ ಹೆಪ್ಪು ತಂದ್ರಾಯ್ತು."

ನನ್ನ ಅಳು ನಿಂತಿತು. ಕೊಟ್ಟಿದ್ದೆ! ದಾದರ್‌ನಲ್ಲಿ ಲ್ಯಾಬ್ ಇರುವ ವಿಜಯಪುರದ ಬಿರಾದಾರ ಸರ್‌ಗೆ, ನಾಲ್ಕು ವರ್ಷದ ಹಿಂದೆ. ಆಮೇಲೆ ಒಂದು ಪೇಪರಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಜಗಳವಾಗಿ ಮಾತು ಬಿಟ್ಟಿದ್ದೆವು. (ಹೌದು, ವಿಜ್ಞಾನಿಗಳೂ ನಲ್ಲಿ ನೀರಿನ ಸಾಲಿನವರಂತೆಯೇ ಜಗಳವಾಡುತ್ತೇವೆ.)

ಫೋನ್ ಮಾಡಲೇ? ಬೇಡವೇ? ಪ್ರೊಫೆಸರ್ ಹುದ್ದೆ ದೊಡ್ಡದೋ, ಸಿಟ್ಟು ದೊಡ್ಡದೋ? ಸಂಜೆ ಮಾಡಿಯೇಬಿಟ್ಟೆ. ಏನು ಹೇಳಬೇಕೆಂದು ತಿಳಿಯದೆ ಅಮ್ಮನ ಮಾತನ್ನೇ ಒಪ್ಪಿಸಿದೆ: "ಸರ್, ಸ್ವಲ್ಪ ಹೆಪ್ಪು ಬೇಕಿತ್ತು."

ಆ ಕಡೆಯಿಂದ ನಗು.

"ನಿಮ್ಮ ತಳಿ ಇನ್ನೂ ಜೀವಂತ ಐತ್ರಿ, ಜ್ವಾಕಿಲೆ ಇಟ್ಟೀನಿ. ಆದ್ರ ಈಗ ಕೊಡಂಗಿಲ್ಲ ನೋಡ್ರಿ. ದೀಪ ಹಚ್ಚಿದ ಮ್ಯಾಲ ನಮ್ಮವ್ವ ಯಾರಿಗೂ ಹೆಪ್ಪು ಕೊಡತಿರಲಿಲ್ಲ. ಮುಂಜಾನೆ ಕಳಸತೀನಿ."

ಮುಂಜಾನೆ ತಳಿ ಬಂದೇ ಬಂತು. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಟ್ಯೂಬು; ಮೇಲೆ ಸೀಲು, ಸಹಿ, ಕಾಗದಪತ್ರ. (ಲೋಕಲ್ ರೈಲಿನಲ್ಲಿ ಅಲ್ಲ, ಹೆದರಬೇಡಿ. ಅದಕ್ಕೆಂದೇ ಇರುವ ಗಾಡಿಯಲ್ಲಿ.) ಮರುದಿನ ಕಲ್ಚರ್ ಪ್ಲೇಟಿನ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಮೂಡಿದವು. ಟೈಫಾಯ್ಡ್ ಬದುಕಿತು ಎಂದು ಕುಣಿದಾಡಿದ ಹೆಂಗಸು ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು. ಟೆಸ್ಟ್ ಮುಗಿಯಿತು. ಪೇಪರ್ ಸಿದ್ಧವಾಯಿತು.

ಅಮ್ಮ ಕೇಳಿದಳು: "ಅವರ ಪಾತ್ರೆ ಖಾಲಿ ವಾಪಸ್ ಕೊಟ್ಟಿಲ್ಲ ಅಲ್ವಾ? ಸ್ವಲ್ಪ ಸಕ್ಕರೆ ಆದ್ರೂ ಹಾಕಿ ಕೊಡ್ಬೇಕು."

ಎಷ್ಟು ಯೋಚಿಸಿದರೂ ಆ ಟ್ಯೂಬಿಗೆ ಹಾಕುವಂಥದ್ದು ಏನೂ ಹೊಳೆಯಲಿಲ್ಲ. ಕೊನೆಗೆ ಪೇಪರಿನಲ್ಲಿ ನನ್ನ ಹೆಸರಿನ ಪಕ್ಕ ಬಿರಾದಾರ ಸರ್ ಹೆಸರು ಹಾಕಿ ಪ್ರಕಟಣೆಗೆ ಕಳಿಸಿದೆ.

ನನ್ನದಕ್ಕಿಂತ ಮೊದಲು ಹಾಕಿದೆನೇ ಎನ್ನುತ್ತೀರಾ? ಒಂದು ಚಮಚ ಸಕ್ಕರೆ ಹಾಕು ಎಂದರೆ ಯಾರಾದರೂ ಡಬ್ಬಿಯನ್ನೇ ಕೊಡುತ್ತಾರೆಯೇ?